ಸಾಕು ಎನ್ನುವುದನ್ನು ಅಂಕಿಯಲ್ಲಿ ಬರೆದಿಡಿ

ಯೇಸು ಹೇಳಿದ ಶ್ರೀಮಂತನ ಸಾಮ್ಯ, ಅಂದರೆ ನೀತಿಕಥೆ, ಹುಟ್ಟಿದ್ದು ಆಸ್ತಿ ಪಾಲಿನ ಜಗಳದಿಂದ. ಬೈಬಲಿನ ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಗುಂಪಿನಲ್ಲಿದ್ದ ಒಬ್ಬ, ಪಿತ್ರಾರ್ಜಿತದಲ್ಲಿ ತನ್ನ ಪಾಲು ಕೊಡುವಂತೆ ಸಹೋದರನಿಗೆ ಹೇಳಿ ಎಂದು ಯೇಸುವನ್ನು ಕೇಳುತ್ತಾನೆ. ಯೇಸು ಪಂಚಾಯ್ತಿಗೆ ಒಪ್ಪದೆ ಹೊಲ ಚೆನ್ನಾಗಿ ಬೆಳೆದ ಒಬ್ಬ ಶ್ರೀಮಂತನ ಕಥೆ ಹೇಳುತ್ತಾರೆ.

ಆ ಶ್ರೀಮಂತ ಕದ್ದವನೆಂದು ಎಲ್ಲೂ ಬರೆದಿಲ್ಲ. ಭೂಮಿ ಬೆಳೆಯಿತು, ಅಷ್ಟೇ. ಆದರೆ ಅವನ ಮಾತಿಗೆ ಸ್ವಲ್ಪ ಕಿವಿಗೊಡಿ: ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ನನ್ನ ಜೀವ. ಕೊಯ್ಲು ಮಾಡಿದ ಆಳಿನ ಸುದ್ದಿಯಿಲ್ಲ, ನೆರೆಯವನ ಸುದ್ದಿಯಿಲ್ಲ. ಅವನಿಗೆ ಮಾತಾಡಲು ಸಿಕ್ಕಿದ್ದು ತನ್ನ ಜೀವ ಮಾತ್ರ. ಕಣಜ ಕೆಡವಿ ದೊಡ್ಡದು ಕಟ್ಟಿ ಸುಖವಾಗಿರುವೆನೆಂದ ಅವನಿಗೆ ದೇವರು ಹೇಳುವ ‘ಈ ರಾತ್ರಿಯೇ ನಿನ್ನ ಪ್ರಾಣವನ್ನು ಕೇಳುತ್ತಾರೆ’ ಎಂಬಲ್ಲಿ ಗ್ರೀಕ್ ಮೂಲದಲ್ಲಿರುವುದು ಕೊಟ್ಟದ್ದನ್ನು ವಾಪಸು ಕೇಳುವ ಪದ, ಸಾಲ ಕೊಟ್ಟವನು ಬಾಗಿಲಿಗೆ ಬಂದಾಗ ಬಳಸುವಂಥದ್ದು. ತನ್ನದೆಂದು ಎಣಿಸಿದ್ದರಲ್ಲಿ ಜೀವವೇ ಎರವಲು ತಂದದ್ದಾಗಿತ್ತು.

ಇದನ್ನು ಓದಿ ಕೂಡಿಡುವುದೇ ಪಾಪ ಎಂದುಕೊಳ್ಳುವವರಿದ್ದಾರೆ. ಬೈಬಲಿನದೇ ವಿಮೋಚನಕಾಂಡದ 16ನೇ ಅಧ್ಯಾಯ ನೋಡಿ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ದಿನವೂ ಕೊಟ್ಟ ಆಹಾರವಾದ ಮನ್ನ ತಲೆಗೆ ಒಂದು ಓಮೆರ್, ಅಂದರೆ ಸುಮಾರು 2 ಲೀಟರ್. ಮರುದಿನಕ್ಕೆ ಉಳಿಸಿದ್ದು ಹುಳ ಬಿದ್ದು ನಾರಿತು. ಆರನೇ ದಿನ ಮಾತ್ರ ಎರಡು ಓಮೆರ್ ಕೂಡಿಸಲು ಅಪ್ಪಣೆ, ಅದು ಏಳನೇ ದಿನವಾದ ಸಬ್ಬತ್ತಿನ, ಅಂದರೆ ವಿಶ್ರಾಂತಿ ದಿನದವರೆಗೂ ಕೆಡಲಿಲ್ಲ. ಎಷ್ಟು, ಎಷ್ಟು ದಿನಕ್ಕೆ, ಯಾತಕ್ಕೆ ಎಂಬ ಮೂರಕ್ಕೂ ಉತ್ತರವಿದ್ದ ದಾಸ್ತಾನು ಉಳಿಯಿತು. ನಮ್ಮ ಉಳಿತಾಯಕ್ಕೂ ಈ ಮೂರು ಪ್ರಶ್ನೆಗಳನ್ನು ಕೇಳಬೇಕು.

ಉತ್ತರ ಮನಸ್ಸಿನಲ್ಲಿದ್ದರೆ ಸಾಲದು, ಅಂಕಿಯಲ್ಲಿರಬೇಕು. ಮೆಥೊಡಿಸ್ಟ್ ಪಂಗಡಕ್ಕೆ ನಾಂದಿ ಹಾಡಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ 1787ರ ಒಂದು ಧರ್ಮಬೋಧನೆಯಲ್ಲಿ ಆಕ್ಸ್‌ಫರ್ಡಿನ ಒಬ್ಬ ಯುವಕನ ಲೆಕ್ಕ ಕೊಡುತ್ತಾರೆ. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು, ಖರ್ಚು ಅದೇ 28, ಕೊಟ್ಟದ್ದು 32. ಮೂರನೇ ವರ್ಷ 90ರಲ್ಲಿ 62, ನಾಲ್ಕನೇ ವರ್ಷ 120ರಲ್ಲಿ 92. ಆ ಯುವಕ ವೆಸ್ಲಿಯೇ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಆದಾಯ ನಾಲ್ಕು ಪಟ್ಟಾದರೂ ಆ 28 ಅಲುಗಲಿಲ್ಲ, ಏಕೆಂದರೆ ಅದು ಮೊದಲೇ ನಿರ್ಧಾರವಾಗಿತ್ತು.

ಮನೆಯಲ್ಲಿ ಇದನ್ನು ಮಾಡಲು ಮೊದಲು ಕಳೆದ 12 ತಿಂಗಳ ಖರ್ಚನ್ನು ಬರೆಯಿರಿ. ಮೂರು ತಿಂಗಳದ್ದು ಸಾಲದು, ವರ್ಷಕ್ಕೊಮ್ಮೆ ಬರುವ ಶುಲ್ಕ, ವಿಮೆ, ರಿಪೇರಿ ಅದರಲ್ಲಿ ಸಿಗುವುದಿಲ್ಲ. ಗಂಡಹೆಂಡತಿ ಒಟ್ಟಿಗೆ ಕೂತು ಮಿತಿ ಗೊತ್ತುಮಾಡಬೇಕು. ಒಬ್ಬರೇ ಹಾಕಿದ ಮಿತಿ ಮೊದಲ ಹಬ್ಬಕ್ಕೇ ಮುರಿಯುತ್ತದೆ. ಬೆಲೆ ಏರಿದಾಗ, ಮನೆಗೆ ಮಗು ಬಂದಾಗ, ಕಾಯಿಲೆ ಬಿದ್ದಾಗ ಮಿತಿ ಏರಲಿ. ಸಂಬಳ ಏರಿತೆಂದು ಏರಕೂಡದು. ಆಪತ್ತಿನ ನಿಧಿ 6 ತಿಂಗಳ ಖರ್ಚು ಎಂದುಕೊಂಡಿದ್ದರೆ ಅಲ್ಲಿಗೆ ನಿಲ್ಲಿಸಿ. ಹೆಚ್ಚಿನ ಮನೆಗಳಲ್ಲಿ ಕಣಜ ದೊಡ್ಡದಾಗುವುದು ಇಲ್ಲಿಯೇ: ಆರು ಹನ್ನೆರಡಾಗುತ್ತದೆ, ಹನ್ನೆರಡು ಇಪ್ಪತ್ತನಾಲ್ಕಾಗುತ್ತದೆ, ಭಯ ಮಾತ್ರ ಇದ್ದಷ್ಟೇ ಇರುತ್ತದೆ.

ಕೊಡುವ ಪಾಲು ಹಣ ಕೈಗೆ ಬಂದ ದಿನವೇ ಬೇರೆಯಾಗಬೇಕು. ಯೇಸುವಿನ ಅಪೊಸ್ತಲ ಪೌಲ ಕೊರಿಂಥ ಪಟ್ಟಣದ ಸಭೆಯವರಿಗೆ ಪತ್ರದಲ್ಲಿ ಹೇಳಿದ್ದೂ ಇದನ್ನೇ: ವಾರದ ಮೊದಲನೆಯ ದಿನ, ಪ್ರತಿಯೊಬ್ಬನೂ ತನಗೆ ಬಂದ ಆದಾಯಕ್ಕೆ ತಕ್ಕಂತೆ ತೆಗೆದಿಡಲಿ. ತಿಂಗಳ ಕೊನೆಗೆ ಉಳಿದದ್ದನ್ನು ಕೊಡೋಣ ಎಂದರೆ ಉಳಿಯುವುದಿಲ್ಲ. ಆದರೆ ಇನ್ನೊಬ್ಬರಿಗೆ ಸಲ್ಲಬೇಕಾದ ಹಣದಲ್ಲಿ ದಾನ ಮಾಡಬೇಡಿ. ಯೇಸುವನ್ನು ಮನೆಗೆ ಬರಮಾಡಿಕೊಂಡ ಸುಂಕದವ ಜಕ್ಕಾಯ ಅರ್ಧ ಆಸ್ತಿಯನ್ನು ಬಡವರಿಗೆ ಕೊಡುವೆನೆಂದ, ಮೋಸಹೋದವರಿಗೆ ನಾಲ್ಕರಷ್ಟು ಹಿಂತಿರುಗಿಸುವುದನ್ನು ಬೇರೆಯಾಗಿಯೇ ಹೇಳಿದ. ಕೆಲಸದವರ ಬಾಕಿ ಸಂಬಳ ಇಟ್ಟುಕೊಂಡು ಹಾಕುವ ಕಾಣಿಕೆ ಅವರದೇ ಹಣ.

ಕ್ರೈಸ್ತ ಸಭೆಗಳಲ್ಲಿ ತುಂಬಾ ದುರುಪಯೋಗವಾಗುವುದು, ತನಗಿದ್ದದ್ದನ್ನೆಲ್ಲ, ಅಂದರೆ ಎರಡು ಲೆಪ್ಟ ಎಂಬ ಚಿಕ್ಕ ತಾಮ್ರದ ನಾಣ್ಯಗಳನ್ನು ಕಾಣಿಕೆ ಹಾಕಿದ ಬಡ ವಿಧವೆಯ ಪ್ರಸಂಗ. ಒಂದು ದಿನಾರ ಆಳಿನ ದಿನಗೂಲಿ. 128 ಲೆಪ್ಟ ಸೇರಿದರೆ ಒಂದು ದಿನಾರ, ಅಂದರೆ ಅವಳು ಹಾಕಿದ್ದು ದಿನಗೂಲಿಯ 64ರಲ್ಲಿ ಒಂದು ಪಾಲು. ಇದನ್ನು ತೋರಿಸಿ ಇಲ್ಲದವರಿಂದ ಕೇಳುವ ಬೋಧಕರು ಮಾರ್ಕನ ಸುವಾರ್ತೆಯ 12:40ನ್ನು ಓದದೆ 41ರಿಂದ ಶುರುಮಾಡುತ್ತಾರೆ. ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳಿಗೆ ಹೆಚ್ಚಿನ ದಂಡನೆ ಎಂದು ಹೇಳುವುದು ಆ 40ನೇ ವಚನ. ‘ಕೊಟ್ಟರೆ ನೂರ್ಮಡಿ ಹಣ ಬರುತ್ತದೆ’ ಎಂಬ ಬೋಧನೆಯೂ ನನಗೆ ಅಷ್ಟೇ ನೋವು ತರುತ್ತದೆ. ದೇವಭಕ್ತಿಯನ್ನು ಲಾಭದ ದಾರಿಯೆಂದು ಎಣಿಸುವವರ ಬಗ್ಗೆ ತಿಮೊಥೆಗೆ ಬರೆದ ಮೊದಲನೆಯ ಪತ್ರದ 6:5ರಲ್ಲಿ ಪೌಲ ಎಚ್ಚರಿಸಿದ್ದಾನೆ.

ಪೌಲ ಯೆರೂಸಲೇಮಿನ ಬಡವರಿಗೆಂದು ಹಣ ಕೂಡಿಸಿದಾಗ ಅದನ್ನು ಒಬ್ಬನೇ ಹೊತ್ತು ಹೋಗಲಿಲ್ಲ. ಯಾರೂ ತಪ್ಪು ಹೊರಿಸಬಾರದೆಂದು ಸಭೆಗಳೇ ಆರಿಸಿದ ಒಬ್ಬನನ್ನು ಜೊತೆಗಿಟ್ಟುಕೊಂಡ. ಕಾಣಿಕೆ ಎಣಿಸುವಾಗ ಕಡೇಪಕ್ಷ ಇಬ್ಬರಿರಲಿ, ಅವರು ಒಂದೇ ಮನೆಯವರಾಗಿರದಿರಲಿ, ಎಣಿಸಿದ ಮೊತ್ತ ಅಂದೇ ಪುಸ್ತಕಕ್ಕೆ ಏರಲಿ, ಪುಸ್ತಕ ನೋಡಬೇಕೆಂದ ಸದಸ್ಯನ ಕೈಗೆ ಅದು ಸಿಗಲಿ.