ಎದುರಿನವರ ಮಾತು

ಬಳ್ಳಾರಿ
ಆಗಸ್ಟ್ 2, 2024, ಶುಕ್ರವಾರ

ಇವತ್ತು ಬಳ್ಳಾರಿ ರಾಘವರು ಹುಟ್ಟಿದ ದಿನ. 1880ರಲ್ಲಿ ಹುಟ್ಟಿದವರು, ವಕೀಲರು. ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ಎಲ್ಲದರಲ್ಲೂ ನಾಟಕ ಆಡಿದವರು. ಗಂಡಸರೇ ಸೀರೆ ಉಟ್ಟು ರಂಗಕ್ಕೆ ಬರುತ್ತಿದ್ದ ಕಾಲದಲ್ಲಿ, ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಲಿ ಎಂದು ಮುಂದೆ ನಿಂತವರು. ನಾನು ಬಣ್ಣ ಹಚ್ಚಿ ಅನ್ನ ಉಣ್ಣುತ್ತಿದ್ದರೆ ಅದರಲ್ಲಿ ಅವರ ಪಾಲೂ ಇದೆ.

ಈಗ ನಮಗೆ ಬಿಡುವು. ತುಂಗಭದ್ರಾ ಡ್ಯಾಮ್ ತುಂಬಿದೆ, ಕಾಲುವೆಗೆ ನೀರು ಬಂದಿದೆ, ಊರವರೆಲ್ಲ ಭತ್ತದ ನಾಟಿಯಲ್ಲಿದ್ದಾರೆ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ನಾಟಕಕ್ಕೆ ಕರೆಯುವ ವೀಳ್ಯ ಮತ್ತೆ ಬರುತ್ತವೆ. ಅಲ್ಲಿಯವರೆಗೆ ಹೀಗೆ ಬರೆಯಲು ಸಮಯ ಸಿಗುತ್ತದೆ.

ನಾನು ಹುಟ್ಟಿ ಬೆಳೆದದ್ದು ಊರೂರು ತಿರುಗುವ ಕಂಪನಿ ನಾಟಕದ ಪರದೆ ಹಿಂದೆ. ಅವ್ವ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದಳು. ಕ್ಯಾಂಪ್ ಎಲ್ಲಿಗೆ ಹೋದರೆ ಅಲ್ಲಿ ನನಗೆ ಹೊಸ ಶಾಲೆ. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಕಂಪನಿಯಲ್ಲಿ ಯಾರಾದರೂ ಮಾತು ಓದಿ ಹೇಳುತ್ತಿದ್ದರು, ಅವಳು ರೊಟ್ಟಿ ಬಡಿಯುತ್ತಲೇ ಕೇಳಿ ಕಲಿಯುತ್ತಿದ್ದಳು. ತನ್ನ ಮಾತಷ್ಟೇ ಅಲ್ಲ, ಆ ದೃಶ್ಯದಲ್ಲಿ ಬರುವ ಎಲ್ಲರ ಮಾತನ್ನೂ. "ನಿನ್ನ ಮಾತು ಅಷ್ಟೇ ಕಲ್ತ್ರ ಅರ್ಧ ಕಲ್ತಂಗ" ಅನ್ನುತ್ತಿದ್ದಳು. ಅದನ್ನು ಬಿಟ್ಟು ಅವಳು ನನಗೆ ಬೇರೇನೂ ಹೇಳಿಕೊಡಲಿಲ್ಲ. ಈ ವಯಸ್ಸಿಗೂ ಅದೇ ನನ್ನನ್ನು ಕಾಯುತ್ತಿದೆ.

ಯಾಕೆ ಅಂದರೆ ನಮ್ಮ ಕಡೆಯ ಊರ ನಾಟಕ ನಡೆಯುವ ರೀತಿಯೇ ಬೇರೆ. ದುರ್ಯೋಧನ, ಭೀಮ, ಶಕುನಿ ಎಲ್ಲ ಆ ಊರಿನ ಗಂಡಸರೇ. ಹಗಲು ಹೊಲದಲ್ಲಿ ದುಡಿದು, ರಾತ್ರಿ ಗುಡಿಯ ಮುಂದೆ ಹಾರ್ಮೋನಿಯಂ ನುಡಿಸಿ ನಾಟಕ ಕಲಿಸುವ ಪೇಟಿ ಮಾಸ್ತರ ಹತ್ತಿರ ತಿಂಗಳುಗಟ್ಟಲೆ ತಾಲೀಮು ಮಾಡಿರುತ್ತಾರೆ. ಹೆಣ್ಣಿನ ಪಾತ್ರಕ್ಕೆ ಮಾತ್ರ ನಾವು ಹೊರಗಿನಿಂದ ಹೋಗಬೇಕು. ಎಷ್ಟೋ ಸಲ ಸಂಜೆ ಬಸ್ಸಿಳಿದು, ಊಟ ಮಾಡಿ, ಬಣ್ಣ ಹಚ್ಚಿ, ಗಂಡನ ಪಾತ್ರ ಮಾಡುವವನ ಮುಖವನ್ನು ರಂಗದ ಮೇಲೇ ಮೊದಲ ಸಲ ನೋಡುವುದು. ಕಂದಗಲ್ ಹನುಮಂತರಾಯರ ರಕ್ತರಾತ್ರಿಯಂಥ ನಾಟಕ ಆದರಂತೂ ಪ್ರಾಸದ ಮೇಲೆ ಪ್ರಾಸ. ಒಂದು ಪದ ಜಾರಿದರೆ ಇಡೀ ಮಾತು ಕೈ ಬಿಡುತ್ತದೆ.

ಸಿರುಗುಪ್ಪದ ಕಡೆ ಒಂದು ರಾತ್ರಿ ಹಾಗೇ ಆಯಿತು. ನಾನು ದ್ರೌಪದಿ. ಭೀಮನ ಪಾತ್ರ ಒಬ್ಬ ಟ್ರಾಕ್ಟರ್ ಓಡಿಸುವ ಹುಡುಗನದು. ಒಳ್ಳೆಯ ಆಳು, ಗಟ್ಟಿ ದನಿ. ಆದರೆ ಮುಂದಿನ ಸಾಲಲ್ಲಿ ಬೀಗರು ಬಂದು ಕೂತಿದ್ದನ್ನು ನೋಡಿದ್ದೇ ತಡ, ಮಾತು ನಿಂತುಹೋಯಿತು. ಅಂಟಿಸಿದ ಮೀಸೆಯ ಒಂದು ತುದಿ ಬೆವರಿಗೆ ಎದ್ದಿತ್ತು. ಗದೆ ಹಿಡಿದ ಕೈ ನಡುಗುತ್ತಿತ್ತು. ಸೈಡ್ ವಿಂಗಿನಿಂದ ಪುಸ್ತಕ ಹಿಡಿದವರು ಹೇಳುತ್ತಿದ್ದಾರೆ, ಅವನಿಗೆ ಕೇಳಿಸುತ್ತಿಲ್ಲ. ನಾನು ಎರಡು ಹೆಜ್ಜೆ ಹತ್ತಿರ ಹೋಗಿ, "ಸುಮ್ಮನೆ ನಿಂತೆಯೇಕೆ ಭೀಮಸೇನಾ? ಆ ದುರ್ಯೋಧನನ ತೊಡೆ ಮುರಿಯುವೆನೆಂದ ನಿನ್ನ ಪ್ರತಿಜ್ಞೆ ಎಲ್ಲಿ ಹೋಯಿತು?" ಎಂದೆ. ಪುಸ್ತಕದಲ್ಲಿ ಆ ಮಾತಿರಲಿಲ್ಲ. ಪೇಟಿ ಮಾಸ್ತರು ತಕ್ಷಣ ಶ್ರುತಿ ಏರಿಸಿದರು. "ತೊಡೆ" ಅಂದದ್ದೇ ಅವನಿಗೆ ಹಾದಿ ಸಿಕ್ಕಿತು. ಆಮೇಲೆ ಅವನು ಗುಡುಗಿದ್ದು ನೋಡಬೇಕಿತ್ತು! ಜನ ಸಿಳ್ಳೆ ಹೊಡೆದರು, ಅವನ ಮಾವ ಎದ್ದು ಬಂದು ಉಡುಗೊರೆ ಕೊಟ್ಟು ಆಯೇರಿ ಮಾಡಿದ. ಅವನು ಮರೆತದ್ದು ಮುಂದೆ ಕೂತವರಿಗೆ ಗೊತ್ತೇ ಆಗಲಿಲ್ಲ. ನನಗೆ ನಟನೆ ಅಂದರೆ ಇದೇ. ಎದುರು ನಿಂತವರನ್ನು ಕಿವಿಯಲ್ಲೂ ಕಣ್ಣಲ್ಲೂ ಹಿಡಿದುಕೊಂಡಿರುವುದು.

ನಗರದ ಒಂದು ನಾಟಕ ಶಿಬಿರದಲ್ಲಿ ನನ್ನ ನಟನೆ ಜಾಸ್ತಿ ಆಯಿತು, ದನಿ ಇಳಿಸಿ ಅಂದರು. ಆ ಸಣ್ಣ ಹಾಲಿಗೆ ಅದು ಸರಿಯೇ, ಇಳಿಸಿದೆ. ಆದರೆ ಕಂಪನಿಯಿಂದ ಬಂದವರಿಗೆ ನಟನೆ ಬರುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಬಳ್ಳಾರಿಯಲ್ಲೇ ರಂಗನಟಿ ಸುಭದ್ರಮ್ಮ ಮನ್ಸೂರು ಇದ್ದರಲ್ವಾ? ಹಾಡು ಎಲ್ಲಿ ಮುಗಿದು ಮಾತು ಎಲ್ಲಿ ಶುರುವಾಯಿತು ಅಂತ ಗೊತ್ತಾಗದ ಹಾಗೆ ಪಾತ್ರ ಮಾಡುತ್ತಿದ್ದರು. 2020ರಲ್ಲಿ ಅವರು ತೀರಿಕೊಂಡಾಗ ಕೊರೊನಾ ಕಾಲ. ಅವರನ್ನು ಕಳಿಸಿಕೊಡಬೇಕಾಗಿದ್ದಷ್ಟು ಜನ ಸೇರಿ ಕಳಿಸಿಕೊಡಲು ಆಗಲಿಲ್ಲ ಅನ್ನುವ ಸಂಕಟ ನನಗೆ ಇನ್ನೂ ಇದೆ.

ನಾಟಕದವರು ಅಂತ ಬಾಡಿಗೆ ಮನೆ ಕೊಡದವರೂ ಇದ್ದಾರೆ. ಅವ್ವನಿಗೂ ಕೊಟ್ಟಿರಲಿಲ್ಲ. ಅದೇ ಜನ ಜಾತ್ರೆಯಲ್ಲಿ ಚಾಪೆ ಹಾಸಿ ಬೆಳಗಿನವರೆಗೆ ಕೂತು ದ್ರೌಪದಿಗಾಗಿ ಅಳುತ್ತಾರೆ. ಇದು ನನಗೆ ನೋವು ಕೊಡುತ್ತದೆ.

ಈ ಸಲ ನಾಟಕ ಆಡಿಸುವ ಊರವರಲ್ಲಿ ನನ್ನದೊಂದು ಕೇಳಿಕೆ. ಸೀನ್ಸಿನ ಪರದೆಗಳಿಗೆ, ಮೈಕಿಗೆ, ಲೈಟಿಗೆ ಇಷ್ಟೊಂದು ಖರ್ಚು ಮಾಡುತ್ತೀರಿ. ನಮ್ಮನ್ನು ಒಂದು ದಿನ ಮುಂಚೆ ಕರೆಸಿ. ನಿಮ್ಮ ಹುಡುಗರ ಜೊತೆ ಒಂದೇ ಒಂದು ತಾಲೀಮು ಮಾಡೋಣ. ಆ ದಿನದ ದುಡ್ಡು ನನಗೆ ಬೇಡ. ಊಟ, ಮಲಗಲು ಒಂದು ಜಾಗ ಕೊಟ್ಟರೆ ಸಾಕು.