ಪತ್ರ ಬರೆದವರ ಹೆಸರು ಯಾರಿಗೆ ಬೇಕು?

ರಾತ್ರಿ ಹುಬ್ಬಳ್ಳಿಯಲ್ಲಿ ನನ್ನದು ಸುದ್ದಿ ತಿದ್ದುವ ಡೆಸ್ಕ್ ಕೆಲಸ. ಬೆಳಗ್ಗೆ ಬಿಡುವು ಸಿಕ್ಕರೆ ಧಾರವಾಡದ ಒಂದು ಕಾಲೇಜಿನ ಹುಡುಗರ ಪತ್ರಿಕೆಗೆ ಕೈಜೋಡಿಸುತ್ತೇನೆ. ನಾಲ್ಕು ಪುಟದ ಪತ್ರಿಕೆ, ಖರ್ಚು ಕಾಲೇಜಿನದು. ತಕರಾರು ಶುರುವಾಗುವುದೇ ಅಲ್ಲಿ, ಅಲ್ವಾ?

ಈ ಸಲ ಜಗಳ ಬಂದಿದ್ದು ಹಾಸ್ಟೆಲ್ ಮೆಸ್ಸಿನ ಜೋಳದ ರೊಟ್ಟಿಯಿಂದ. ರೊಟ್ಟಿಯ ದಿನಗಳು ಕಡಿಮೆಯಾಗಿದ್ದವು, ಫೀ ಮಾತ್ರ ಇಳಿದಿರಲಿಲ್ಲ. ಎರಡನೇ ವರ್ಷದ ಹುಡುಗಿಯೊಬ್ಬಳು ಮೆನು ಬೋರ್ಡಿನ ಹಳೇ ಫೋಟೊ, ಹೊಸ ಫೋಟೊ ಎದುರಿಗಿಟ್ಟುಕೊಂಡು ಸುದ್ದಿ ಬರೆದಳು. ಪುಟ ಪ್ರೆಸ್ಸಿಗೆ ಹೋಗುವ ಮೊದಲೇ ಆಫೀಸಿನಿಂದ ಕರೆ ಬಂತು. "ಮೊದಲ ನಮಗ ತೋರಸ್ರಿ. ಸುಮ್ನ ಯಾಕ ಬೇಕು ಇಂಥಾವು?"

ಪ್ರತಿಕ್ರಿಯೆ ಕೇಳುವುದು ಬೇರೆ, ಪುಟ ತೋರಿಸುವುದು ಬೇರೆ. ಹುಡುಗಿ ಪ್ರಶ್ನೆ ಬರೆದುಕೊಂಡು ಹೋಗಿ ಕೇಳಿದಳು. ಜೋಳದ ರೇಟು ಜಾಸ್ತಿ ಆಗಿದೆ ಅಂದರು. ಅದನ್ನೂ ಹಾಕಿದೆವು. ಪುಟ ತೋರಿಸಲಿಲ್ಲ.

ಅಮೆರಿಕದ ಹೇಜಲ್‌ವುಡ್ ಈಸ್ಟ್ ಹೈಸ್ಕೂಲಿನಲ್ಲಿ 1983ರಲ್ಲಿ ಪ್ರಿನ್ಸಿಪಾಲರು ಮಕ್ಕಳ ಪತ್ರಿಕೆಯ ಎರಡು ಪುಟಗಳನ್ನೇ ಕಿತ್ತುಹಾಕಿಸಿದ್ದರು. ಒಂದು ಬರಹ ಹದಿಹರೆಯದ ಬಸಿರಿನ ಬಗ್ಗೆ, ಇನ್ನೊಂದು ತಂದೆ-ತಾಯಿಯ ವಿಚ್ಛೇದನದ ಬಗ್ಗೆ. ಮಕ್ಕಳು ಕೋರ್ಟಿಗೆ ಹೋದರು. 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 5-3ರಲ್ಲಿ ಶಾಲೆಯ ಪರ ನಿಂತಿತು. ನಮ್ಮಲ್ಲಿ ವಿಷಯ ಅಷ್ಟು ದೂರ ಹೋಗುವುದೇ ಇಲ್ಲ. ಪ್ರಿಂಟಿಂಗ್ ಬಿಲ್ ಪಾಸಾಗಲ್ಲ, ಮುಗೀತು.

ಸಂಚಿಕೆ ಹೊರಬಿದ್ದ ಮೇಲೆ ಪತ್ರಗಳು ಬಂದವು. ಹೊಗಳಿದವು ಸಾಕಷ್ಟಿದ್ದವು, ಅವುಗಳಿಂದ ಯಾರಿಗೂ ಉಪಯೋಗವಿಲ್ಲ. ಬೈದವುಗಳಲ್ಲಿ ಒಂದನ್ನು ಪೂರ್ತಿ ಹಾಕಿದೆವು, ಅದರಲ್ಲಿ ವಾದ ಇತ್ತು. ಒಂದು ಪತ್ರ ಮಾತ್ರ ಎಲ್ಲರ ಬಾಯಿ ಮುಚ್ಚಿಸಿತು. ಮೆಸ್ಸಿನ ಒಳಗೆ ದುಡಿಯುವವರೊಬ್ಬರು ನೋಟ್‌ಬುಕ್ ಹಾಳೆಯಲ್ಲಿ ಬರೆದಿದ್ದರು. ರೇಟು ಅಲ್ಲ ಕಾರಣ, ರೊಟ್ಟಿ ಬಡಿಯುವ ಮಂದಿಯನ್ನೇ ಕಡಿಮೆ ಮಾಡ್ಯಾರ, ಉಳಿದವರ ರಟ್ಟಿ ಬಿದ್ದು ಹೋಗ್ಯಾವ ಅಂತ.

ನಾನು ನೋಡಿದ ಮಟ್ಟಿಗೆ ಆ ಸಂಚಿಕೆಯ ನಿಜವಾದ ಸುದ್ದಿ ಅದು. ಆದರೆ ಅದರಲ್ಲಿದ್ದ ಎರಡು ಸಾಲು ಓದಿದರೆ ಬರೆದವರು ಯಾರು ಅಂತ ಮೆಸ್ಸಿನಲ್ಲಿ ಯಾರಿಗಾದರೂ ಗೊತ್ತಾಗುತ್ತಿತ್ತು. ಅವರನ್ನೇ ಕೇಳಿ ಆ ಎರಡು ಸಾಲು ತೆಗೆದೆವು. ಅವರು ಹೇಳಿದ್ದನ್ನು ಬೇರೆ ಕಡೆಯಿಂದಲೂ ಖಾತ್ರಿ ಮಾಡಿಕೊಂಡು, ಹೆಸರಿಲ್ಲದೆ ಹಾಕಿದೆವು. ಭಾಷೆ ಮಾತ್ರ ತಿದ್ದಲಿಲ್ಲ.

ಮರುದಿನವೇ ಆಫೀಸಿನಿಂದ ಮತ್ತೆ ಕರೆ. ಈ ಸಲ ಸುದ್ದಿಯ ಬಗ್ಗೆ ಒಂದು ಮಾತೂ ಇಲ್ಲ. "ಹೆಸರು ಹೇಳ್ರಿ, ನಾವು ಮಾತಾಡಿ ಸರಿ ಮಾಡ್ತೀವಿ." ಎಷ್ಟು ಮೆತ್ತಗೆ ಕೇಳಿದರು ಅಂದರೆ, ಹುಡುಗರಲ್ಲಿ ಇಬ್ಬರು ಕರಗಿದ್ದರು. ಪುಟ ತೋರಿಸಲ್ಲ ಅನ್ನುವಾಗ ಮೈಯಲ್ಲಿ ಬಿಸಿ ಇರುತ್ತದೆ, ಸುಲಭ. ನಗುನಗುತ್ತಾ ಹೆಸರು ಕೇಳಿದಾಗ ಇಲ್ಲ ಅನ್ನುವುದೇ ಕಷ್ಟ. ಸುದ್ದಿಯ ಮೂಲ ಹೇಳಿ ಅಂತ ಪತ್ರಿಕೆಯನ್ನು, ಪತ್ರಿಕೆಗಳ ಮೇಲಿನ ದೂರು ವಿಚಾರಿಸುವ ಪ್ರೆಸ್ ಕೌನ್ಸಿಲ್ ಕೂಡ ಒತ್ತಾಯಿಸುವಂತಿಲ್ಲ. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ 15ನೇ ಸೆಕ್ಷನ್ನಿನಲ್ಲೇ ಹಾಗಿದೆ. ಅದನ್ನು ಹುಡುಗರಿಗೆ ಓದಿ ಹೇಳಿದೆ. ಕಾಲೇಜಿನ ಆಫೀಸಿಗೆ ಆ ಸೆಕ್ಷನ್ ಅನ್ವಯಿಸುವುದಿಲ್ಲ, ಅದು ಬೇರೆ ಮಾತು. ಹುಡುಗರಿಗೆ ಧೈರ್ಯಕ್ಕೆ ಅಷ್ಟು ಸಾಕಾಯಿತು.

ಹೇಳಲ್ಲ ಅಂತ ಸಂಪಾದಕ ಹುಡುಗ ಬರೆದೇ ಕೊಟ್ಟ. ಬಿಲ್ ಇನ್ನೂ ಆಫೀಸಿನ ಟೇಬಲ್ ಮೇಲಿದೆ. ಪ್ರೆಸ್ಸಿನವರು ಒಂದು ತಿಂಗಳು ಕಾಯುತ್ತೇನೆ ಅಂದಿದ್ದಾರೆ.