ಹಲ್ಲಿನ ವಿಮಾನವೋ, ಹರಿಕೇನೋ?

ಕಳೆದ ಭಾನುವಾರ ಅಕ್ಕನ ಮಗ ಧಾರವಾಡದಿಂದ ಚಿಗರಿ ಬಸ್ ಹತ್ತಿ ನಮ್ಮ ಹುಬ್ಬಳ್ಳಿ ಮನೆಗೆ ಬಂದಿದ್ದ. ಬಂದವನೇ ನನ್ನ ಮೊಬೈಲ್ ಕಸಿದುಕೊಂಡ. ನಾನು ಎರಡು ವಾರದಿಂದ ನೋಡಿ ನೋಡಿ ಗುರುತು ಮಾಡಿಟ್ಟಿದ್ದ ಫೈಟರ್ ವಿಮಾನದ ಕಿಟ್‌ಗಳನ್ನೆಲ್ಲ, ಅಂದರೆ ಬಿಡಿಭಾಗ ಅಂಟಿಸಿ ಬಣ್ಣ ಹಚ್ಚಿ ಮಾಡುವ ಪ್ಲಾಸ್ಟಿಕ್ ಮಾದರಿಗಳನ್ನು, ಸರಸರ ಸರಿಸಿ ಒಂದರ ಮೇಲೆ ಬೆರಳಿಟ್ಟ. "ಮಾಮಾ, ಇದ ಬೇಕು. ಹಲ್ಲ ಅದಾವ ನೋಡ್ರಿ ಇದಕ್ಕ."

ಅದು ಪಿ-40. ಎರಡನೇ ಮಹಾಯುದ್ಧದ ಅಮೆರಿಕನ್ ವಿಮಾನ, ಮೂತಿಯ ಮೇಲೆ ಶಾರ್ಕ್ ಬಾಯಿ. ಚೀನಾ, ಬರ್ಮಾ ಕಡೆ ಹಾರಿದ ಅಮೆರಿಕನ್ ಸ್ವಯಂಸೇವಕ ಪೈಲಟ್‌ಗಳ ದಳ 'ಫ್ಲೈಯಿಂಗ್ ಟೈಗರ್ಸ್'ನವರಿಂದ ಈ ಬಾಯಿಗೆ ಹೆಸರು ಬಂತು. ಆದರೆ ಅವರಿಗಿಂತ ಮೊದಲೇ ಉತ್ತರ ಆಫ್ರಿಕಾದಲ್ಲಿ ಬ್ರಿಟಿಷರ 112ನೇ ಸ್ಕ್ವಾಡ್ರನ್, ಅಂದರೆ ವಾಯುಪಡೆಯ ಒಂದು ತುಕಡಿ, ಇದನ್ನು ಬರೆದುಕೊಂಡಿತ್ತು, ಆ ಬ್ರಿಟಿಷರ ಫೋಟೊ ನೋಡಿಯೇ ಟೈಗರ್ಸ್‌ನವರು ಕಾಪಿ ಹೊಡೆದದ್ದು. ಹುಡುಗನಿಗೆ ಈ ಕಥೆ ಹೇಳಿದೆ. ಅವನಿಗೆ ಹಲ್ಲಷ್ಟೇ ಸಾಕಿತ್ತು.

ನಾನೂ ಮೊದಲು ಹೀಗೇ ಡಬ್ಬಿ ಮೇಲಿನ ಚಿತ್ರ ನೋಡಿ ಮರುಳಾದವನು. ಆಗ ತರಿಸಿದ್ದು ಬ್ರಿಟಿಷರ ಒಂದು ಫೈಟರ್, ಸ್ಪಿಟ್‌ಫೈರ್. ಡಬ್ಬಿ ಹೊಸದು, ಒಳಗಿನ ಅಚ್ಚು ಮಾತ್ರ ಮಾಂಧಾತನ ಕಾಲದ್ದು. ಹಳೇ ಅಚ್ಚುಗಳಲ್ಲಿ ತಗಡಿನ ಜೋಡಣೆಯ ಗೆರೆಗಳು ಕೊರೆದಂತೆ ಇರುವುದಿಲ್ಲ, ಉಬ್ಬಿರುತ್ತವೆ. ಎರಡು ಹೋಳು ಅಂಟಿಸಿ, ಸಂದಿಗೆ ಪುಟ್ಟಿ ತುಂಬಿ, ಮರಳು ಕಾಗದ ತಿಕ್ಕಿದೆ ನೋಡಿ, ಸಂದಿಯ ಜೊತೆ ಗೆರೆಗಳೂ ಹೋದವು. ಆಮೇಲೆ ಪೈಲಟ್ ತಲೆಯ ಮೇಲಿನ ಗಾಜಿನ ಮುಚ್ಚಳವನ್ನು, ಅದೇ ಕ್ಯಾನಪಿಯನ್ನು, ಸೂಪರ್ ಗ್ಲೂ ಹಾಕಿ ಕೂರಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಬಿಸಿ ಚಹಾದ ಹಬೆ ತಾಗಿದ ಕನ್ನಡಕದ ಹಾಗೆ ಬೆಳ್ಳಗಾಗಿದೆ. ಆ ಗೋಂದಿನ ಆವಿಯೇ ಹಾಗೆ, ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಕೂತುಬಿಡುತ್ತದೆ. ಒರೆಸಿದರೆ ಹೋಗಲ್ಲ. ಈಗ ಕ್ಯಾನಪಿಗೆ ಬಿಳಿ ಫೆವಿಕಾಲ್ ಮಾತ್ರ, ಅದು ಒಣಗಿದರೆ ಕಾಣುವುದೇ ಇಲ್ಲ.

ಹಾಗಾಗಿ ಈಗ ಡಬ್ಬಿ ಚಿತ್ರ ನೋಡೋದು ಬಿಟ್ಟು, ಒಳಗಿನ ಸ್ಪ್ರೂ, ಅಂದರೆ ಬಿಡಿಭಾಗಗಳು ಅಂಟಿಕೊಂಡಿರುವ ಆ ಪ್ಲಾಸ್ಟಿಕ್ ಚೌಕಟ್ಟು, ಅದರ ಫೋಟೊ ಎಲ್ಲಾದರೂ ಸಿಗುತ್ತಾ ಅಂತ ಹುಡುಕುತ್ತೇನೆ. ಗೆರೆ ಉಬ್ಬಿದೆಯೋ ಕೊರೆದಿದೆಯೋ ಅಲ್ಲೇ ಗೊತ್ತಾಗುತ್ತದೆ.

ಇನ್ನು ಅಳತೆ. ನಮ್ಮ ಶೋಕೇಸಿನ ಒಂದೊಂದು ಗೂಡೂ ಒಂದು ಗೇಣಿಗಿಂತ ಚೂರು ಜಾಸ್ತಿ ಅಗಲ, ಅದರಲ್ಲೂ ಅರ್ಧ ಜಾಗ ಅವ್ವನ ಗೊಂಬೆಗಳದ್ದು. ನನ್ನ ಕಣ್ಣಿದ್ದ ಹರಿಕೇನ್ ಎಂಬ ಬ್ರಿಟಿಷ್ ಫೈಟರ್ ವಿಮಾನದ ರೆಕ್ಕೆಯ ಹರವು 12 ಮೀಟರ್ ಮೇಲೆ ಸ್ವಲ್ಪ. 1/72 ಅಳತೆಯಲ್ಲಿ, ಅಂದರೆ ನಿಜದ ವಿಮಾನದ 72ನೇ ಒಂದು ಪಾಲಿನಲ್ಲಿ, ಅದು ಸುಮಾರು 17 ಸೆಂಟಿಮೀಟರ್, 1/48ರಲ್ಲಿ 25 ದಾಟುತ್ತದೆ. ದೊಡ್ಡದರಲ್ಲಿ ಕಾಕ್‌ಪಿಟ್ ಒಳಗಿನ ಕೆಲಸ ಚೆಂದ ಮಾಡಬಹುದು, ಒಪ್ಪುತ್ತೇನೆ. ಆದರೆ ಗೊಂಬೆಗಳನ್ನು ಸರಿಸುವ ಧೈರ್ಯ ನನಗಿಲ್ಲ. 1/72 ಅಂತ ತೀರ್ಮಾನವಾಯಿತು.

ಯಾವ ವಿಮಾನ ಅನ್ನೋದೇ ಕಷ್ಟ. ಜರ್ಮನಿಯ ಮೆಸ್ಸರ್‌ಸ್ಮಿಟ್ 109 ನನಗಿಷ್ಟ, ಆದರೆ ಮೈಮೇಲೆ ಚುಕ್ಕೆ ಚುಕ್ಕೆ ಮಂಜು ಬಿದ್ದಂಥ ಬಣ್ಣ. ಅದನ್ನು ಬ್ರಶ್‌ನಲ್ಲಿ ಮಾಡಲು ಹೋದರೆ ಸಿಡುಬು ಎದ್ದ ಹಾಗೆ ಕಾಣುತ್ತದೆ. ಏರ್‌ಬ್ರಶ್ ಬೇಕು, ಅಂದರೆ ಗಾಳಿಯಲ್ಲಿ ಬಣ್ಣ ಚಿಮ್ಮಿಸುವ ಸಾಧನ, ಅದಕ್ಕೆ ಗಾಳಿ ಒದಗಿಸುವ ಕಂಪ್ರೆಸರ್ ಬೇಕು, ಖರ್ಚಿಗೆ ಕೊನೆಯೇ ಇಲ್ಲ. ಮೊದಲ ಸಲ ಮಾಡುವವರು ಜಪಾನಿನ ಝೀರೊ ತಗೊಳ್ಳಿ. ಒಂದೇ ಬಣ್ಣದಲ್ಲಿ ಮುಗಿಯುವ ಝೀರೊಗಳು ಸಿಗುತ್ತವೆ. ತಮಿಯಾ ಕಂಪನಿಯದಾದರೆ ಭಾಗಗಳು ಟಕ್ ಅಂತ ಕೂರುತ್ತವೆ.

ನನ್ನ ಮನಸ್ಸು ಮಾತ್ರ ಹರಿಕೇನ್ ಮೇಲೆ. ಸ್ಪಿಟ್‌ಫೈರ್ ಮುಂದೆ ಇದು ಸ್ವಲ್ಪ ಹಳ್ಳಿಗಾಡಿನದು. ಬೆನ್ನು ಉಬ್ಬಿದೆ, ಹಿಂಭಾಗಕ್ಕೆ ತಗಡಲ್ಲ, ಬಟ್ಟೆ ಹೊದಿಸಿದ್ದು. ಆದರೂ 1940ರಲ್ಲಿ ಬ್ರಿಟನ್ ಮೇಲೆ ನಡೆದ ಕಾಳಗದಲ್ಲಿ ಹೆಚ್ಚು ಶತ್ರು ವಿಮಾನ ಉರುಳಿಸಿದ್ದು ಇದೇ. 1944ರಲ್ಲಿ ಇಂಫಾಲದಲ್ಲಿ ಮುಂದೆ ವಾಯುಪಡೆಯ ಮುಖ್ಯಸ್ಥರಾದ ಅರ್ಜನ್ ಸಿಂಗ್ ಅವರ ಕೈಕೆಳಗಿನ ನಮ್ಮ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ ಹಾರಿಸಿದ್ದೂ ಇದನ್ನೇ. ಕಿಟ್ ಒಳ್ಳೆಯದೋ ಅಲ್ಲವೋ ಅಂತ ಆ ಬಟ್ಟೆಯ ಭಾಗದಲ್ಲೇ ಹೇಳಬಹುದು. ಒಳಗಿನ ಪಟ್ಟಿಗಳು ಬಟ್ಟೆಯಡಿ ಮೆಲ್ಲಗೆ ಮೂಡಬೇಕು. ಕೆಲವು ಕಿಟ್‌ಗಳಲ್ಲಿ ಬರಗಾಲದ ಎತ್ತಿನ ಪಕ್ಕೆಲುಬಿನ ಹಾಗೆ ಎದ್ದಿರುತ್ತವೆ. ಇಂಫಾಲ, ಬರ್ಮಾ ಕಡೆ ಹಾರಿದ ವಿಮಾನ ಬೇಕಿದ್ದರೆ ಮಾರ್ಕ್ 2, ಅಂದರೆ ಎರಡನೇ ಆವೃತ್ತಿ, ಅಂತ ನೋಡಿ ತಗೋಬೇಕು. ಅಲ್ಲಿ ರೆಕ್ಕೆಯ ಮೇಲಿನ ಗುರುತಿನ ವೃತ್ತದಲ್ಲಿ ಕೆಂಪು ಇರಲಿಲ್ಲ, ಜಪಾನಿನ ಕೆಂಪು ಸೂರ್ಯ ಅಂತ ನಮ್ಮವರೇ ಗುಂಡು ಹೊಡೆದಾರು ಅಂತ ತೆಗೆದು ಬರೀ ನೀಲಿ ಉಳಿಸಿದ್ದರು.

"ಇದಕ್ಕ ಹಲ್ಲ ಇಲ್ಲಲ್ರಿ" ಅಂದ ಹುಡುಗ.

ಹಲ್ಲಿನ ಕಷ್ಟ ಹೇಳಿದೆ. ಅದು ನೀರಲ್ಲಿ ನೆನೆಸಿ ಜಾರಿಸಿ ಕೂರಿಸುವ ತೆಳು ಚಿತ್ರ, ಅದೇ ಡೆಕಲ್, ಮೂತಿಯೋ ಗುಂಡಗೆ. ಚೆಂಡಿಗೆ ನೋಟ್‌ಬುಕ್ ಲೇಬಲ್ ಅಂಟಿಸಿ ನೋಡು, ಸುಕ್ಕು ಬೀಳುತ್ತಾ ಇಲ್ಲವಾ? ಮೆತ್ತಗೆ ಮಾಡುವ ದ್ರಾವಣ ಸವರಿ ಕಾಯಬೇಕು, ಮುಟ್ಟಿದರೆ ಹರಿಯಿತು. ಕಾಯುತ್ತೇನೆ ಅಂದ. ಹದಿಮೂರು ವರ್ಷದವನ ಮಾತು.

ಅಷ್ಟರಲ್ಲಿ ಅವ್ವ ಗಿರ್ಮಿಟ್ ತಂದಿಟ್ಟು ಬೆಲೆ ಇಣುಕಿ ನೋಡಿದಳು. "ಇಷ್ಟ ಸಣ್ಣದಕ್ಕ ಇಷ್ಟ ರೊಕ್ಕ? ಮ್ಯಾಲ ಬಣ್ಣಾನೂ ನೀವ ಹಚ್ಚಬೇಕ?"

ಎರಡನ್ನೂ ತರಿಸಿದ್ದೇವೆ. ಅವ್ವನಿಗೆ ಒಂದರ ಬೆಲೆಯಷ್ಟೇ ಗೊತ್ತು. ಡಬ್ಬಿ ಬಂದಿವೆ, ಭಾಗಗಳನ್ನು ಎಣಿಸಿಯೂ ಆಯಿತು. ಮಳೆ ಮಾತ್ರ ಬಿಟ್ಟಿಲ್ಲ. ಈ ತೇವದ ಹವೆಯಲ್ಲಿ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಹೊಡೆದರೆ ಬಿಳಿ ಪೊರೆ ಬರುತ್ತದೆ, ಅದಕ್ಕೆ ಬಿಸಿಲು ಬರೋತನಕ ಅಂಟಿಸುವ ಕೆಲಸ ಅಷ್ಟೇ. ಹುಡುಗ ದಿನಾ ಸಂಜೆ ಫೋನ್ ಮಾಡಿ ಕೇಳುತ್ತಾನೆ, "ಮಾಮಾ, ಹುಬ್ಬಳ್ಳ್ಯಾಗ ಮಳಿ ನಿಂತದೇನ್ರಿ?"